ಬರೇ ಉಡಿ

ದಿನಾ ಸಂಜೆ ಗೋದಾಮಿನ ಗೇಟಿನಲ್ಲಿ ಅಂಬವ್ವ ಉಡಿ ಝಾಡಿಸಬೇಕು. ಅಂಬವ್ವ ಒಬ್ಬಳೇ ಅಲ್ಲ, ಅಲ್ಲಿ ದುಡಿಯುವ ಹೆಂಗಸರೆಲ್ಲ ಝಾಡಿಸಬೇಕು. ಸಾಲಾಗಿ ನಿಲ್ಲಬೇಕು. ಸೀರೆಯ ಸೆರಗನ್ನು ಸೊಂಟದ ಮುಂದೆ ಚೀಲದ ಹಾಗೆ ಸಿಕ್ಕಿಸಿಕೊಂಡಿರುತ್ತಾರಲ್ಲ, ಆ ಉಡಿಯನ್ನು ಬಿಚ್ಚಬೇಕು. ಎರಡೂ ಕೈಯಲ್ಲಿ ತುದಿ ಹಿಡಿದು ಜೋರಾಗಿ ಕೊಡವಬೇಕು. ಎದೆಯ ಮೇಲಿನ ಬಟ್ಟೆ ಜಾರುತ್ತದೆ. ಜಾರಿದರೆ ಜಾರಲಿ. ಅದು ಗೋದಾಮಿನ ತಾಪತ್ರಯವಲ್ಲ.

ರಸ್ತೆಯಾಚೆ ಒಂದು ಚಹಾದಂಗಡಿ. ಹಮಾಲರು, ಲಾರಿ ಡ್ರೈವರುಗಳು, ಮಾಡಲು ಏನೂ ಇಲ್ಲದವರು, ಎಲ್ಲರಿಗೂ ಚಹಾದ ಚಟ ಹತ್ತುವುದು ಸರಿಯಾಗಿ ಅದೇ ಹೊತ್ತಿಗೆ.

ಇದೆಲ್ಲ ಯಾಕೆಂದರೆ, ಹೋದ ಬೇಸಿಗೆಯಲ್ಲಿ ಯಾವಳೋ ಒಬ್ಬಳು ಮನೆಯ ಸಾರಿಗೆಂದು ಒಂದು ಹಿಡಿ ಮೆಣಸಿನಕಾಯಿ ಉಡಿಯಲ್ಲಿ ಕಟ್ಟಿಕೊಂಡು ಹೋದಳಂತೆ. ಗೋದಾಮಿನಲ್ಲಿ ಮೆಣಸಿನಕಾಯಿ ಬೆಟ್ಟದ ಹಾಗೆ ಬಿದ್ದಿದೆ. ಡೋಣಿ ಕಡೆಯದು, ಮುಂಡರಗಿ ಕಡೆಯದು, ಲಕ್ಷ್ಮೇಶ್ವರದ ಕಡೆಯದು. ಅದರಲ್ಲಿ ಒಂದು ಹಿಡಿ. ಅಂದಿನಿಂದ ಎಲ್ಲರೂ ಕಳ್ಳರಾದರು.

ಉಡಿಯಲ್ಲಿ ಹೆಂಗಸರು ಏನೇನು ಇಟ್ಟುಕೊಂಡಿರುತ್ತಾರೆ ಎನ್ನುವುದು ಗದಗ ಶಹರಕ್ಕೆಲ್ಲ ಗೊತ್ತಾದದ್ದು ಈ ಗೇಟಿನಿಂದಲೇ. ಎಲೆಅಡಿಕೆಯ ಚೀಲ ಬೀಳುತ್ತಿತ್ತು. ಮನೆಯ ಕೀಲಿ ಬೀಳುತ್ತಿತ್ತು. ಬಸ್ಸಿಗೆ ತೋರಿಸುವ ಆಧಾರ್ ಕಾರ್ಡು ಬೀಳುತ್ತಿತ್ತು. ಒಂದು ದಿನ ಮುಳಗುಂದದ ವನಿತಾಳ ಉಡಿಯಿಂದ ಅವಳು ತಿಂಗಳ ಮುಟ್ಟಿಗೆಂದು ಮಡಿಚಿಟ್ಟುಕೊಂಡಿದ್ದ ಬಟ್ಟೆ ಬಿತ್ತು. ಚಹಾದಂಗಡಿಯಲ್ಲಿ ಯಾರೋ ಸಿಳ್ಳು ಹಾಕಿದರು. ಹಮಾಲರ ಮೇಸ್ತ್ರಿ ಕಲ್ಲಣ್ಣ ಹಲ್ಲು ಬಿಟ್ಟು ನಕ್ಕದ್ದನ್ನು ಅಂಬವ್ವ ಕಣ್ಣಾರೆ ಕಂಡಿದ್ದಳು. ವನಿತಾ ಮಡಿಯ ಹೆಂಗಸು. ಮನೆಯಿಂದ ತಂದ ಬಾಟಲಿಯ ನೀರು ಬಿಟ್ಟು ಬೇರೆಯವರದು ಮುಟ್ಟುವವಳಲ್ಲ. ಅವಳು ಬಾಗಿ ಬಟ್ಟೆ ಎತ್ತಿಕೊಂಡು ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ.

ಗೇಟಿನಲ್ಲಿ ಬೆತ್ತ ಹಿಡಿದು ನಿಲ್ಲುವವನು ಪುಂಡಲೀಕಪ್ಪ. ಸಾಹುಕಾರರ ಪರವಾಗಿ ಗೋದಾಮು ನೋಡಿಕೊಳ್ಳುವ ದಿವಾನಜಿ. ಬಾಯಿ ಮಾತ್ರ ಬೆಲ್ಲ. "ಝಾಡಸ್ರಿ ಅವ್ವಾ, ಝಾಡಸ್ರಿ. ಏನೂ ಇಲ್ಲಾಂದ್ರ ಅಂಜಿಕಿ ಯಾಕ?" ಎನ್ನುತ್ತಿದ್ದ. ಬೆತ್ತದ ತುದಿಯಿಂದ ಸೆರಗಿನ ಮಡಿಕೆಗಳನ್ನು ಎತ್ತೆತ್ತಿ ನೋಡುತ್ತಿದ್ದ.

ಕೆಲಸ ಎಂದರೆ ತೊಟ್ಟು ಬಿಡಿಸುವುದು. ಮುಂಜಾನೆ ಕೂತರೆ ಸಂಜೆಯವರೆಗೆ ಒಣ ಮೆಣಸಿನಕಾಯಿಯ ತೊಟ್ಟು ಮುರಿದು ಹಾಕುತ್ತಲೇ ಇರಬೇಕು. ಬೆರಳಿನ ತುದಿ ಸುಡುತ್ತದೆ. ಉಗುರಿನ ಸಂದಿ ಸುಡುತ್ತದೆ. ಆ ಕೈಯಲ್ಲಿ ಕಣ್ಣು ಒರೆಸುವಂತಿಲ್ಲ, ಕೂಸನ್ನು ಎತ್ತುವಂತಿಲ್ಲ, ಒಂದಕ್ಕೆ ಹೋದರೆ ತೊಳೆಯುವಂತಿಲ್ಲ. ಒಬ್ಬಳು ಸೀನಿದರೆ ಪಕ್ಕದವಳು ಸೀನುತ್ತಾಳೆ, ಆಮೇಲೆ ಇಡೀ ಸಾಲು. ಸೀನಿ ಸೀನಿ ತಲೆ ಹಗುರಾಗುತ್ತದೆ. ಆಗ ಯಾರಾದರೂ ಏನಾದರೂ ಅಂದರೆ ಸಾಕು, ನಗು ಶುರು. ಹೊರಗಿನವರು ನೋಡಿದರೆ ಇವರಿಗೆ ತಲೆ ಕೆಟ್ಟಿದೆ ಎನ್ನಬೇಕು. ನಗು ಬಿಟ್ಟರೆ ಆ ಖಾರಕ್ಕೆ ಅವರ ಹತ್ತಿರ ಬೇರೆ ಔಷಧವೂ ಇರಲಿಲ್ಲ.

ಅಂಬವ್ವ ಬೆಟಗೇರಿಯವಳು. ನೇಕಾರರ ಮನೆಯ ಮಗಳು, ನೇಕಾರರ ಮನೆಯ ಸೊಸೆ. ಗಂಡ ಮಗ್ಗದಲ್ಲಿ ಖಣ ನೇಯುತ್ತಿದ್ದ. ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿಯ ಜೊತೆ ಇಡುವ ಕುಪ್ಪಸದ ಬಟ್ಟೆ ಅದು. ಅಂಬವ್ವ ನೂಲು ಸುತ್ತಿಕೊಟ್ಟ ಖಣಗಳು ಎಷ್ಟು ಊರಿನ ಎಷ್ಟು ಮುತ್ತೈದೆಯರ ಉಡಿಗೆ ಬಿದ್ದವೋ. ಹತ್ತಿಯ ಧೂಳು ಎದೆಯಲ್ಲಿ ಕೂತು ಗಂಡ ಸತ್ತ. ಮಗ್ಗ ಮಾರಿದಳು. ಅಂದಿನಿಂದ ಅವಳ ಹಣೆ ಬರಿದು, ಉಡಿ ಬರಿದು. ಉಡಿ ತುಂಬುವ ಮನೆಗಳಲ್ಲಿ ಅವಳು ತಾನಾಗಿಯೇ ಅಡಿಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಾಳೆ. ಯಾರೂ ಹೋಗು ಎನ್ನಬೇಕಾಗಿಲ್ಲ. ಮಗಳು ಸಪ್ನಾ ಕಾಲೇಜಿಗೆ ಹೋಗುತ್ತಾಳೆ. ಗೋದಾಮಿನ ಕೆಲಸ ಬಿಟ್ಟರೆ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಹೀಗಾಗಿ ಅಂಬವ್ವ ಎಲ್ಲರಿಗಿಂತ ಮೊದಲು ಝಾಡಿಸಿ, ಎಲ್ಲರಿಗಿಂತ ಮೊದಲು ಗೇಟು ದಾಟುತ್ತಿದ್ದಳು.

ಒಂದು ಶುಕ್ರವಾರ ಮಂಜುಳಾ ಉಡಿ ತುಂಬಿಸಿಕೊಂಡು ನೇರ ಕೆಲಸಕ್ಕೆ ಬಂದಳು. ಅವಳಿಗೆ ಚೊಚ್ಚಲ ಬಸಿರು, ಐದು ತಿಂಗಳು. ಮುಂಜಾನೆ ಸೋದರತ್ತೆ ಕರೆದು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು ಹಾಕಿದ್ದಳು. ತುಂಬಿದ ಉಡಿಯನ್ನು ಮನೆಯ ದೇವರ ಮುಂದೆಯೇ ಇಳಿಸಬೇಕು, ನಡುವೆ ಎಲ್ಲೂ ಬಿಚ್ಚಬಾರದು. ಮನೆಗೆ ಹೋಗಿ ಬಂದರೆ ಕೆಲಸ ತಪ್ಪುತ್ತದೆ. ಹೀಗಾಗಿ ಅವಳು ಇಡೀ ದಿನ ಒಂದು ಕೈ ಉಡಿಯ ಕೆಳಗೆ ಇಟ್ಟುಕೊಂಡು, ಒಂದೇ ಕೈಯಲ್ಲಿ ತೊಟ್ಟು ಮುರಿದಳು.

ಸಂಜೆ ಗೇಟಿನಲ್ಲಿ ಪುಂಡಲೀಕಪ್ಪ "ಝಾಡಸು" ಎಂದ.

"ಇದು ಬ್ಯಾರೆ ಐತ್ರಿ," ಎಂದಳು ಮಂಜುಳಾ.

"ಎಲ್ಲಾರದೂ ಬ್ಯಾರೆನ ಇರತೈತಿ. ಝಾಡಸು."

ಅವಳು ಎರಡೂ ಕೈಯಲ್ಲಿ ಉಡಿ ಒತ್ತಿ ಹಿಡಿದಳು. ಇವನಿಗೆ ಗುಮಾನಿ ಬಂತು. ಬೆತ್ತದ ತುದಿಯನ್ನು ಸೆರಗಿಗೆ ಸಿಕ್ಕಿಸಿ ಎತ್ತಿಯೇ ಬಿಟ್ಟ. ಅಕ್ಕಿ ಸುರಿದು ಮಣ್ಣಿಗೆ ಬಿತ್ತು. ಕೊಬ್ಬರಿ ಬಟ್ಟಲು ಉರುಳಿ ಲಾರಿಯ ಗಾಲಿಯ ಬಳಿ ಹೋಗಿ ನಿಂತಿತು.

ಪುಂಡಲೀಕಪ್ಪನ ಮುಖ ಬಿಳುಚಿಕೊಂಡಿತು. ಅವನ ಚಪ್ಪಲಿಯ ಮೇಲೂ ಅಕ್ಕಿಕಾಳು ಬಿದ್ದಿದ್ದವು. ಗಡಬಡಿಸಿ ಚಪ್ಪಲಿ ಬಿಟ್ಟ, ಬಾಗಿ ಅಕ್ಕಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಮಂಜುಳಾಳ ಮೇಲೆಯೇ ಹರಿಹಾಯ್ದ.

"ಉಡಿ ತುಂಬೈತಿ ಅಂತ ಬಾಯಿಬಿಟ್ಟ ಹೇಳಾಕ ಏನಾಗಿತ್ತು ನಿನಗ? ತುಂಬಿದ ಉಡಿ ಝಾಡಸು ಅನ್ನಾಕ ನಾ ಏನ ರಾಕ್ಷಸ ಅದೀನೇನು? ನಮ್ಮ ಮನ್ಯಾಗೂ ಹೆಣ್ಣಮಕ್ಕಳದಾರ."

ಗೇಟು ದಾಟಿದ್ದ ಅಂಬವ್ವ ಆಗಲೇ ತಿರುಗಿ ಬಂದು, ಕೆಳಗೆ ಕೂತು ಸುಡುವ ಬೆರಳಿನಿಂದ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು. "ಹಂಗಾರ ತುಂಬಿದ ಉಡಿ ಝಾಡಸಂಗಿಲ್ಲೇನ್ರಿ?"

"ಇಲ್ಲಬೇ. ಯಾರ ಝಾಡಸು ಅಂತಾರ? ನಡೀರಿ, ನಡೀರಿ."

ಅಂಬವ್ವ ಮಣ್ಣು ಊದಿ ಅಕ್ಕಿಯನ್ನು ಮಂಜುಳಾಳ ಉಡಿಗೆ ಕಟ್ಟಿದಳು. ಕೊಬ್ಬರಿ ಬಟ್ಟಲು ಒರೆಸಿ ಇಟ್ಟಳು. ಬೆಟಗೇರಿಯ ಬಸ್ಸು ಹತ್ತುವತನಕ ಅಂಬವ್ವ ಪುಂಡಲೀಕಪ್ಪನನ್ನು ಬಯ್ಯುತ್ತಲೇ ಇದ್ದಳು. ಬಸ್ಸಿನಲ್ಲಿ ಕೂತ ಮೇಲೆ ಏನೋ ಹೊಳೆಯಿತು. ಒಬ್ಬಳೇ ನಗತೊಡಗಿದಳು. ಪಕ್ಕದಲ್ಲಿ ಕೂತಿದ್ದ ಮೋತಿಬಿ ಅದೇ ಓಣಿಯವಳು, ಅದೇ ಗೋದಾಮಿನವಳು. ಅವಳು ಅಂಬವ್ವನ ಹಣೆ ಮುಟ್ಟಿ ನೋಡಿದಳು.

"ಜ್ವರ ಬಂದಾವೇನಬೇ?"

"ಇಲ್ಲಬೇ. ನಾಳೆ ಹೇಳತೀನಿ."

ಮರುದಿನ ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಹೇಳಿದಳು. "ತುಂಬಿದ ಉಡಿ ಝಾಡಸಂಗಿಲ್ಲ ಅಂತ ಅವನ ಬಾಯಿಲೇನ ಬಂತಲ್ಲ. ಹಂಗಾರ ಎಲ್ಲಾರೂ ಉಡಿ ತುಂಬಕೊಂಡ ಹೋಗೂಣು."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಹನಮಂತವ್ವನಿಗೆ ರೊಟ್ಟಿ ನೆತ್ತಿಗೇರಿತು. ದಲಿತರ ಕೇರಿಯ ಹನಮಂತವ್ವ ಎಲ್ಲರಿಗಿಂತ ಹಿರಿಯಳು, ಬಾಯಿಯಲ್ಲಿ ಎಲ್ಲರಿಗಿಂತ ಜೋರು.

"ಎಲ್ಲಾರೂ ಅಂದ್ರ ನಾನೂ? ಮೊಮ್ಮಕ್ಕಳದಾವು ಬೇ ನನಗ."

"ಮೊಮ್ಮಕ್ಕಳಾದರ ಉಡಿ ಹರದ ಹೋಗತೈತೇನು?" ಎಂದಳು ಅಂಬವ್ವ.

"ಆತು ಬಿಡು, ಬಸರಾಗೀನ್ರಿ ದಿವಾನಜೀ ಅಂತೀನಿ. ಯಾರಿಂದ ಅಂತ ಕೇಳಿದರ?"

"ನಿಮ್ಮ ಮೆಣಸಿನಕಾಯಿಂದನ ಅನ್ನು," ಎಂದಳು ಮೋತಿಬಿ.

ಅಷ್ಟೇ. ನಗು ಎದ್ದಿತು. ನಗುವಿನ ಹಿಂದೆ ಸೀನು ಎದ್ದಿತು. ಮಂಜುಳಾ ಹೊಟ್ಟೆ ಹಿಡಿದುಕೊಂಡು, ಸಾಕ್ರೇ, ಸೀರಿ ಹಸಿ ಆಕ್ಕೈತಿ ಎಂದು ಬೇಡಿಕೊಂಡಳು. ಅದಕ್ಕೆ ಇನ್ನಷ್ಟು ನಕ್ಕರು.

ನಗು ಇಳಿದ ಮೇಲೆ ಹನಮಂತವ್ವ ಕಣ್ಣು ತೋಳಿಗೆ ಒರೆಸಿಕೊಳ್ಳುತ್ತ ಕೇಳಿದಳು. "ತುಂಬೂರು ಯಾರು ಮತ್ತ? ನನ್ನ ಕೈಲೆ ತುಂಬಿಸ್ಕೋತೀರೇನು ನೀವು?"

ನಗುತ್ತಲೇ ಶುರು ಮಾಡಿದ ಮಾತು. ಮುಗಿಯುವ ಹೊತ್ತಿಗೆ ಅವಳ ಮುಖದಲ್ಲಿ ನಗು ಇರಲಿಲ್ಲ. ವನಿತಾ ತನ್ನ ನೀರಿನ ಬಾಟಲಿ ನೋಡುತ್ತ ಕೂತಳು. ಕೆಲವರು ರೊಟ್ಟಿಯ ಬುಟ್ಟಿ ಮುಚ್ಚಿದರು. ಇಷ್ಟು ವರ್ಷ ಒಂದೇ ರಾಶಿಯ ಮುಂದೆ ಕೂತು ಒಂದೇ ಖಾರಕ್ಕೆ ಸೀನಿದವರು.

ಮಂಜುಳಾ ನೆಲಕ್ಕೆ ಕೈಯೂರಿ ಎದ್ದಳು. ಹನಮಂತವ್ವನ ಮುಂದೆ ಹೋಗಿ ಕೂತು ಉಡಿ ಒಡ್ಡಿದಳು.

"ಮೊದಲ ನನಗ ತುಂಬಬೇ ಅತ್ತಿ. ಬಸರಿಗೆ ತುಂಬಿದರ ನಿನಗ ಪುಣ್ಯ ಬರತೈತಿ."

ಅಕ್ಕಿ ಎಲ್ಲಿಂದ ಬರಬೇಕು? ಹನಮಂತವ್ವ ಸುತ್ತ ನೋಡಿದಳು. ಮೆಣಸಿನಕಾಯಿಯ ತೊಟ್ಟು ಒಂದು ಹಿಡಿ ಎತ್ತಿ ಸುರಿದಳು. ಐದು ಸಲ ಪದ್ಧತಿ ಪ್ರಕಾರ ಸುರಿದಳು. ಆ ಕಡೆಯಿಂದ ಒಬ್ಬಳು ನನಗೂ ಎಂದು ಬಂದಳು. ಆಮೇಲೆ ಇನ್ನೊಬ್ಬಳು. ಬಹಳ ಹೊತ್ತಾದ ಮೇಲೆ ವನಿತಾ ಎದ್ದು ಬಂದಳು. ಮುಖ ಒಂದು ಕಡೆ ತಿರುಗಿಸಿಕೊಂಡಿದ್ದಳು, ಉಡಿ ಮಾತ್ರ ಒಡ್ಡಿದ್ದಳು.

"ನಮ್ಮಾಗೂ ಬಸರಿಗೆ ಉಡಿ ತುಂಬತಾರವಾ," ಎಂದಳು ಮೋತಿಬಿ. "ಕೊಬ್ಬರಿ ನಂದು."

ಒಬ್ಬಳು ರೇಷನ್ ಅಕ್ಕಿ ಒಪ್ಪಿಕೊಂಡಳು. ಒಬ್ಬಳು ಅರಿಶಿನ. ಅಂಬವ್ವ ಖಣ ತರುತ್ತೇನೆ ಎಂದಳು. ಬಸಿರಿಲ್ಲದವರು, ಬಾಣಂತನ ಮುಗಿಸಿ ಯಾವ ಕಾಲವಾಯಿತೋ ಎನ್ನುವವರು, ಎಲ್ಲರೂ ಮಂಗಳವಾರ ಉಡಿ ತುಂಬಿಸಿಕೊಳ್ಳುವುದೆಂದು ನಿಕ್ಕಿಯಾಯಿತು. ಅಷ್ಟು ಹುರುಪು ಆ ಗೋದಾಮಿನಲ್ಲಿ ಅಂಬವ್ವ ಯಾವತ್ತೂ ಕಂಡಿರಲಿಲ್ಲ.

ಮನೆಯಲ್ಲಿ ಟ್ರಂಕಿನ ತಳದಲ್ಲಿ ಗಂಡ ನೇಯ್ದ ಕೊನೆಯ ಖಣ ಇತ್ತು. ಅಂಚು ಸೊಟ್ಟಗಿದೆ ಎಂದು ವ್ಯಾಪಾರಿ ತಿರುಗಿಸಿ ಕಳಿಸಿದ್ದು. ಕಟ್ಟು ದೊಡ್ಡದೇ, ಹಸಿರೂ ಇತ್ತು, ಕೆಂಪೂ ಇತ್ತು. ಅಂಬವ್ವ ಕತ್ತರಿ ತೆಗೆದುಕೊಂಡು ಕೂತಳು. ಒಬ್ಬೊಬ್ಬರ ಹೆಸರು ಹೇಳುತ್ತ ಒಂದೊಂದು ತುಂಡು ಕತ್ತರಿಸಿದಳು. ಇದು ಹನಮಂತವ್ವನಿಗೆ, ಇದು ಮೋತಿಬಿಗೆ, ಈ ಹಸಿರು ವನಿತಾಗೆ, ಈ ಕೆಂಪು ನಮ್ಮ ಮಂಜುಳಾಗೆ. ಸಪ್ನಾ ಅವ್ವನ ಬೆರಳಿಗೆ ಹರಳೆಣ್ಣೆ ಹಚ್ಚಲು ಬಟ್ಟಲು ಹಿಡಿದು ಕಾಯುತ್ತಿದ್ದಳು.

"ನಿನಗ ಯಾವುದಬೇ?" ಎಂದು ಕೇಳಿದಳು.

"ನನಗ್ಯಾಕ?" ಎಂದಳು ಅಂಬವ್ವ. ಬಟ್ಟೆ ಮುಗಿದಿತ್ತು. ಕತ್ತರಿ ಕೆಳಗಿಟ್ಟು ಮಗಳ ಮುಂದೆ ಕೈ ಚಾಚಿದಳು.

ಮಂಗಳವಾರ ಸಂಜೆ ಕೆಲಸ ಬಿಡುವ ಗಂಟೆಗೆ ಮೊದಲು ಚೀಲಗಳ ಹಿಂದೆ ಉಡಿ ತುಂಬುವುದು ನಡೆಯಿತು. ಅದನ್ನು ನೋಡಬೇಕಿತ್ತು. ಹನಮಂತವ್ವ ಮೋತಿಬಿಗೆ ತುಂಬಿದಳು. ಮೋತಿಬಿ ವನಿತಾಗೆ. ವನಿತಾ ಹನಮಂತವ್ವನಿಗೆ ತುಂಬಬೇಕಾಗಿ ಬಂದಾಗ ಅವಳ ಕೈ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಇಳಿಯಿತು. ಹನಮಂತವ್ವ ಕಣ್ಣು ಮುಚ್ಚಿಕೊಂಡು ತುಂಬಿಸಿಕೊಂಡಳು. ಒಬ್ಬಳು ಸೋಬಾನೆ ಶುರು ಮಾಡಿದಳು, ಉಳಿದವರು ಅವಳ ಬಾಯಿ ಮುಚ್ಚಿದರು. ಸದ್ದು ಮಾಡದೆ ನಗಲು ಹೋಗಿ ಮೂಗಿನಿಂದ ನಗು ಬರುತ್ತಿತ್ತು. ಜಾತಿ ದಾಟಿದ್ದೇವೆ, ಮತ ದಾಟಿದ್ದೇವೆ, ಇನ್ನೇನು ಗೇಟು ದಾಟುವುದೊಂದು ಬಾಕಿ ಎಂಬ ಸೊಕ್ಕು ಎಲ್ಲರ ಮುಖದಲ್ಲಿತ್ತು. ಅಂಬವ್ವ ಖಣ ಹಂಚಿದಳು. ಹಂಚಿ ಮುಗಿದ ಮೇಲೆ ಎಂದಿನಂತೆ ಗೋಡೆಯ ಕಡೆ ಸರಿದು ನಿಂತಳು. ಬಾ ಎಂದು ಯಾರೂ ಕರೆಯಲಿಲ್ಲ. ಕರೆಯಲಿಲ್ಲ ಎಂದು ಅವಳಿಗೂ ಅನ್ನಿಸಲಿಲ್ಲ. ಬಂದ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೋಡುತ್ತಿದ್ದಳು.

ಗೇಟಿಗೆ ಕಾವಲು ಗವಿಸಿದ್ದಪ್ಪ. ಕಂಬಿಯ ಗೇಟನ್ನು ಒಬ್ಬರು ದಾಟುವಷ್ಟೇ ಸರಿಸಿ ನಿಂತಿದ್ದ. ಪುಂಡಲೀಕಪ್ಪ ಬೆತ್ತ ಎತ್ತಿದ. ಸಾಲಿನಲ್ಲಿ ಮೊದಲು ಹನಮಂತವ್ವ.

"ತುಂಬೈತ್ರಿ."

"ಏನ ತುಂಬೈತಿ?"

"ಉಡಿರಿ."

"ನಿನಗ? ಈ ವಯಸ್ಸಿನಾಗ?"

"ದೇವರು ತಡಾ ಮಾಡಿ ಕಣ್ಣ ತೆರದಾನ್ರಿ."

ಚಹಾದಂಗಡಿ ಹೋ ಎಂದಿತು. ಪುಂಡಲೀಕಪ್ಪನ ಬೆತ್ತ ಮುಂದೆ ಬಂತು, ಶುಕ್ರವಾರದ ಅಕ್ಕಿ ನೆನಪಾಗಿ ಹಿಂದೆ ಹೋಯಿತು. ಹನಮಂತವ್ವ ಹೊಟ್ಟೆ ಮುಂದೆ ಮಾಡಿಕೊಂಡು, ಸೊಂಟದ ಮೇಲೆ ಕೈಯಿಟ್ಟುಕೊಂಡು ತುಂಬು ಬಸುರಿಯ ನಡಿಗೆಯಲ್ಲಿ ದಾಟಿದಳು.

"ನಂದೂ ತುಂಬೈತ್ರಿ," ಎಂದಳು ಮೋತಿಬಿ.

"ನಿಮ್ಮಾಗೂ ತುಂಬತಾರೇನು?"

"ತುಂಬತಾರ್ರಿ. ಬಿಚ್ಚಿ ತೋರಸಲೇನು? ಬಿಚ್ಚಬಾರದು ಅಂತ ನೀವ ಹೇಳಿದ್ರಿ."

ವನಿತಾ ಏನೂ ಹೇಳಲಿಲ್ಲ. ಅವನ ಮುಖ ನೋಡುತ್ತ ದಾಟಿದಳು. ಅವಳ ಹಿಂದೆ ಉಳಿದವರು. ತುಂಬೈತ್ರಿ. ತುಂಬೈತ್ರಿ. ನಂದೂ ತುಂಬೈತ್ರಿ. ದಾಟಿದವರು ರಸ್ತೆಯ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದರು. ಒಬ್ಬಳು ನಗು ತಾಳದೆ ಮೈಲುಗಲ್ಲಿನ ಮೇಲೆ ಕೂತೇ ಬಿಟ್ಟಳು. ಪುಂಡಲೀಕಪ್ಪ ಒಬ್ಬಳಿಂದ ಇನ್ನೊಬ್ಬಳ ಕಡೆ ತಲೆ ತಿರುಗಿಸುತ್ತಲೇ ಇದ್ದ. ಇಡೀ ಗೋದಾಮೇ ಬಸಿರಾಗಿದೆ ಎಂದರೆ ಅವನು ಸಾಹುಕಾರರಿಗೆ ಏನೆಂದು ವರದಿ ಕೊಡಬೇಕು?

ದಿನಾ ಮೊದಲು ನಿಲ್ಲುವ ಅಂಬವ್ವ ಅವತ್ತು ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯವಳಾಗಿದ್ದಳು.

ಪುಂಡಲೀಕಪ್ಪ ಅವಳ ಬರಿ ಹಣೆ ನೋಡಿದ. ಹೋದ ಜೀವ ಬಂದಂತಾಯಿತು ಅವನಿಗೆ. ಮೀಸೆಯಲ್ಲಿ ನಕ್ಕ.

"ನಿಂದೂ ತುಂಬೈತೇನು? ನಿನಗ ಯಾರ ತುಂಬಿದರವಾ?"

ಆಗ ತಿಳಿಯಿತು ಅಂಬವ್ವನಿಗೆ. ತನ್ನ ಉಪಾಯದಲ್ಲಿ ತನಗೇ ಜಾಗ ಇಟ್ಟಿರಲಿಲ್ಲ. ಖಣ ಕತ್ತರಿಸುವಾಗ ಎಲ್ಲರ ಹೆಸರು ಹೇಳಿದ್ದಳು, ತನ್ನದು ಹೇಳಿರಲಿಲ್ಲ. ರೂಢಿಯಂತೆ ಕೈ ತಾನಾಗಿಯೇ ಉಡಿಗೆ ಹೋಯಿತು. ಬಿಚ್ಚಿ ಕೊಡವಿದರೆ ಮುಗಿಯಿತು. ಅದರಲ್ಲಿ ಇರುವುದಾದರೂ ಏನು? ಮನೆಯ ಕೀಲಿ. ಕೊಡವಿದರೆ ನಾಳೆಯ ಕೆಲಸ ಉಳಿಯುತ್ತದೆ, ಸಪ್ನಾಳ ಕಾಲೇಜು ಉಳಿಯುತ್ತದೆ. ರಸ್ತೆಯ ಮೇಲೆ ಹನಮಂತವ್ವ ಪುಂಡಲೀಕಪ್ಪನ ಹಾಗೆ ಇಲ್ಲದ ಬೆತ್ತ ಹಿಡಿದು ನಡೆದು ತೋರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಂಬವ್ವನ ಸುಡುವ ಬೆರಳುಗಳು ಸೆರಗಿನ ಮೇಲೆ ನಿಂತವು. ಅಲ್ಲಿಂದ ಮುಂದೆ ಹೋಗಲಿಲ್ಲ.

"ಬರೇ ಉಡಿ ಐತ್ರಿ," ಎಂದಳು.

"ಹಂಗಾರ ಝಾಡಸು."

"ಝಾಡಸಂಗಿಲ್ಲ."

"ಯಾಕ?"

ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಬಾಯಿ ತೆರೆದ ಮೇಲೆ ಗೊತ್ತಾಯಿತು. "ಬರೇ ಉಡಿನೂ ಉಡಿನ ಅಲ್ಲೇನ್ರಿ?"

ಪುಂಡಲೀಕಪ್ಪನ ಬೆಲ್ಲ ಕರಗಿತು. "ಗವಿಸಿದ್ದಪ್ಪ, ಗೇಟ ಹಾಕು. ಈಕಿ ಝಾಡಸೂತನಾ ಒಳಗ ಬಿದ್ದಿರಲಿ. ನಾಳಿಂದ ಕೆಲಸಕ್ಕೂ ಬರೂದು ಬ್ಯಾಡ."

ಗೇಟು ಕಿರ್ರೆಂದು ಜಾರಿ ಬಡಿದುಕೊಂಡಿತು. ಆ ಸದ್ದಿಗೆ ಮಂಜುಳಾ ತಿರುಗಿದಳು. ನಗುನಗುತ್ತ ಅಂಬವ್ವನಿಗೆ ಏನೋ ಹೇಳಲೆಂದೇ ತಿರುಗಿದ್ದಳು, ಬಾಯಿ ತೆರೆದಿತ್ತು. ಪಕ್ಕದಲ್ಲಿ ಅಂಬವ್ವ ಇಲ್ಲ. ಕಂಬಿಯ ಒಳಗಿದ್ದಾಳೆ.

ಎಲ್ಲರೂ ಬಂದರು. ಬರುವಾಗ ಯಾರೂ ಬಸುರಿಯ ನಡಿಗೆ ನಡೆಯಲಿಲ್ಲ. ಹನಮಂತವ್ವ ಕಂಬಿ ಹಿಡಿದು ನೋಡಿದಳು. ಅಂಬವ್ವನ ಹಣೆ ನೋಡಿದಳು, ಜೋತುಬಿದ್ದ ಸೆರಗು ನೋಡಿದಳು, ತಮ್ಮೆಲ್ಲರ ಉಡಿಯಿಂದ ಇಣುಕುತ್ತಿದ್ದ ಖಣದ ಅಂಚು ನೋಡಿದಳು.

"ನಮ್ಮ ಬುದ್ಧಿಗೆ ಬೆಂಕಿ ಬೀಳಲಿ," ಎಂದಳು. "ಉಪಾಯ ಹೇಳಿದಾಕಿನ್ನ ಬಿಟ್ಟ ಬಂದ ನಕ್ಕೋಂತ ನಿಂತೀವಿ."

"ನೀವ ಹೋಗ್ರಿ," ಎಂದಳು ಅಂಬವ್ವ. "ಬಸ್ಸ ತಪ್ಪತೈತಿ."

ಮಂಜುಳಾ ಉಡಿಗೆ ಕೈ ಹಾಕಿ ಅಕ್ಕಿ ತೆಗೆದಳು. ತೋಳನ್ನು ಕಂಬಿಯ ಸಂದಿಯಲ್ಲಿ ತೂರಿಸಿದಳು.

"ಉಡಿ ಒಡ್ಡಬೇ."

ಅಂಬವ್ವ ಹಿಂದೆ ಸರಿದಳು. "ಬ್ಯಾಡ ತಂಗಿ. ನಿನ್ನ ಹೊಟ್ಟ್ಯಾಗ ಕೂಸೈತಿ. ನನಗ ತುಂಬಬಾರದು."

"ಮಣ್ಣಾಗ ಬಿದ್ದ ಅಕ್ಕಿ ಆರಿಸಿ ನನ್ನ ಉಡಿಗೆ ಕಟ್ಟಿದಾಕಿ ನೀನ ಅಲ್ಲೇನು? ಅವತ್ತ ಕೂಸಿಗೆ ಏನಾರ ಆತೇನು? ಕೈ ನೋಯ್ತಾವು, ಜಲ್ದಿ ಒಡ್ಡು."

ಅಂಬವ್ವ ಒಡ್ಡಿದಳು. ಅಕ್ಕಿ ಬಿದ್ದ ಸದ್ದು ಅವಳಿಗೆ ಕೇಳಿಸಿತು. ಬಟ್ಟೆಯ ಮೇಲೆ ಬೀಳುವ ಅಕ್ಕಿಗೆ ದೊಡ್ಡ ಸದ್ದೇನೂ ಇರುವುದಿಲ್ಲ, ಆದರೂ ಕೇಳಿಸಿತು. ಅಷ್ಟರಲ್ಲಿ ಕಂಬಿಯ ಎಲ್ಲ ಸಂದಿಗಳಿಂದ ಕೈಗಳು ಬಂದವು. ಖಾರಕ್ಕೆ ಕೆಂಪಾದ, ಬಿರುಕುಬಿಟ್ಟ ಕೈಗಳು. ಅಕ್ಕಿ ಹಾಕಿದರು, ಉತ್ತತ್ತಿ ಹಾಕಿದರು, ಮೋತಿಬಿ ಕೊಬ್ಬರಿ ಬಟ್ಟಲನ್ನು ಓರೆ ಮಾಡಿ ತೂರಿಸಿದಳು. ವನಿತಾ ತನ್ನ ಉಡಿಯ ಹಸಿರು ಖಣ ತೆಗೆದು ಒಳಗೆ ಚಾಚಿದಳು.

"ನಿಮ್ಮ ಮನಿಯವರು ನೇದಿದ್ದು," ಎಂದಳು. "ನಿನಗ ಇರಲಿ."

ಗಂಡ ಸತ್ತಾಗಲೂ ಅಂಬವ್ವ ಅಷ್ಟು ಅತ್ತಿರಲಿಲ್ಲ. ಅಳುತ್ತಿರುವಾಗಲೇ ಸೀನು ಬಂತು. ಸೀನಿದ ರಭಸಕ್ಕೆ ಒಂದಿಷ್ಟು ಅಕ್ಕಿ ಹಾರಿತು. ಹೊರಗೆ ಹನಮಂತವ್ವ ಸೀನಿದಳು. ಸಾಲೆಲ್ಲ ಸೀನಿತು. ಅಳು ಎಲ್ಲಿ ಮುಗಿದು ನಗು ಎಲ್ಲಿ ಶುರುವಾಯಿತೋ ಯಾರಿಗೂ ಗೊತ್ತಿಲ್ಲ.

"ಇದು ನಡ್ಯಾಂಗಿಲ್ಲ," ಎಂದ ಪುಂಡಲೀಕಪ್ಪ. "ಗಂಡ ಇಲ್ಲದಾಕಿಗೆ ಉಡಿ ತುಂಬೂ ಪದ್ಧತಿ ಎಲ್ಲೈತಿ?"

"ಇಲ್ಲೇ ಐತ್ರಿ," ಎಂದಳು ಹನಮಂತವ್ವ. "ನೋಡಾಕ ಹತ್ತೀರಲ್ಲ."

ಚಹಾದಂಗಡಿಯಿಂದ ಕಲ್ಲಣ್ಣ ರಸ್ತೆ ದಾಟಿ ಬಂದ. ಅವನ ಹಿಂದೆ ಹಮಾಲರು. ಒಳಗೆ ಲಾರಿ ನಿಂತಿತ್ತು, ಅವತ್ತೇ ಚೀಲ ತುಂಬಿ ಕಳಿಸಬೇಕಿತ್ತು. ಕಲ್ಲಣ್ಣ ಹೆಂಗಸರ ಮುಖ ನೋಡಲಿಲ್ಲ. ನೆಲ ನೋಡುತ್ತ ಪುಂಡಲೀಕಪ್ಪನಿಗೆ ಹೇಳಿದ.

"ಆ ಅಕ್ಕನ್ನ ಬಿಡ್ರಿ ದಿವಾನಜೀ. ಇಲ್ಲಾಂದ್ರ ಚೀಲ ನೀವ ಹೊರ್ರಿ."

"ನಿಮಗೇನ ಸಂಬಂಧಲೇ ಇದರಾಗ?"

"ಸಂಬಂಧ ಇಲ್ಲ ಅಂತ ಇಷ್ಟ ದಿನ ಚಹಾ ಕುಡಕೋಂತ ಕುಂತಿದ್ವಿ. ತಪ್ಪಾತು."

ಅವನು ಹೆಗಲ ಮೇಲಿನ ಟಾವೆಲ್ಲು ತೆಗೆದು ಎರಡೂ ಕೈಯಲ್ಲಿ ಚಾಚಿದ. "ನಮಗೂ ಒಂದೀಟ ಹಾಕ್ರವಾ," ಎಂದ.

ವನಿತಾ ಅವನನ್ನು ದಿಟ್ಟಿಸಿ ನೋಡಿದಳು. ಹಾಕಲಿಲ್ಲ. ಅವನ ಆ ನಗು ಅವಳು ಅಷ್ಟು ಬೇಗ ಮರೆಯುವಂಥದ್ದಲ್ಲ, ಮರೆಯಬೇಕಾಗಿಯೂ ಇಲ್ಲ. ಹನಮಂತವ್ವ ಒಂದು ಹಿಡಿ ಹಾಕಿದಳು.

"ನಿನಗ ಎಷ್ಟ ತಿಂಗಳೋ ಕಲ್ಲಣ್ಣಾ?"

ಗೇಟಿನ ಎರಡೂ ಕಡೆ ನಗು ಎದ್ದಿತು. ಗವಿಸಿದ್ದಪ್ಪನೂ ನಕ್ಕ. ನಗುತ್ತಲೇ ಗೇಟು ಸರಿಸಿದ. ಪುಂಡಲೀಕಪ್ಪ ತಡೆಯಲಿಲ್ಲ, ಅವನ ಫೋನಿನಲ್ಲಿ ಲಾರಿಯ ಬಗ್ಗೆ ಸಾಹುಕಾರರು ಕೂಗಾಡುತ್ತಿದ್ದರು. 'ಎಲ್ಲಾರೂ ನಾಳೆ ಕೆಲಸಕ್ಕ ಬರಲಿ' ಎಂದು ಅವನ ಬಾಯಿಂದ ಬಂತು. ಅಂಬವ್ವ ಭಾರದ ಉಡಿಯನ್ನು ಎರಡೂ ಕೈಯಲ್ಲಿ ಹೊತ್ತು ಹೊರಗೆ ಬಂದಳು.

ಮನೆಯ ದೇವರ ಮುಂದೆ ಅದನ್ನು ಇಳಿಸಿದಾಗ ಸಪ್ನಾ ಬಾಗಿಲಲ್ಲೇ ನಿಂತು ನೋಡಿದಳು. ಹಸಿರು ಖಣ ಎತ್ತಿ ಅವ್ವನ ಹೆಗಲ ಮೇಲೆ ಇಟ್ಟು ಚೆಂದ ಕಾಣುತ್ತದೆಯೇ ಎಂದು ಹಿಂದೆ ಸರಿದು ನೋಡಿದಳು.

ಮರುದಿನ ಮುಂಜಾನೆ ಪುಂಡಲೀಕಪ್ಪ ಹೊಸ ಕಾಯಿದೆ ಮಾಡಿಕೊಂಡು ನಿಂತಿದ್ದ. ಇನ್ನು ಮೇಲೆ ಅಕ್ಕಿ, ಕೊಬ್ಬರಿ, ಖಣ ಒಳಗೆ ತರುವಂತಿಲ್ಲ. ತಂದವರ ಚೀಲಗಳನ್ನೆಲ್ಲ ಗೇಟಿನಲ್ಲೇ ಇಡಿಸಿದ. "ಸಂಜೀಕ ಝಾಡಸದಾಕಿ ಮತ್ತ ಒಳಗ ಬರಂಗಿಲ್ಲ. ಸಾಹುಕಾರ್ರು ಹೇಳ್ಯಾರ," ಎಂದ. ರಾತ್ರಿಯೆಲ್ಲ ಯೋಚಿಸಿದ್ದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು.

ಅವತ್ತು ರಾಶಿಯ ಮುಂದೆ ಮಾತು ಕಡಿಮೆ. ಸೀನು ಎಂದಿನಷ್ಟೇ. ಮಧ್ಯಾಹ್ನ ಹನಮಂತವ್ವ ಕೇಳಿದಳು. "ಈಗೇನ ಮಾಡೂದಬೇ ಅಂಬವ್ವ? ಉಡ್ಯಾಗ ಏನಾರ ಇರಬೇಕಲ್ಲ."

"ಯಾಕ ಇರಬೇಕು?" ಎಂದಳು ಅಂಬವ್ವ.

ಹನಮಂತವ್ವ ಅವಳನ್ನೇ ನೋಡಿದಳು. ವನಿತಾ ತನ್ನ ನೀರಿನ ಬಾಟಲಿ ತೆರೆದು ಕುಡಿದಳು. ಕುಡಿದು ಹನಮಂತವ್ವನ ಕಡೆ ಚಾಚಿದಳು. ಹನಮಂತವ್ವ ತುಟಿ ಹಚ್ಚಿ ಕುಡಿದು ತಿರುಗಿ ಕೊಟ್ಟಳು.

ಸಂಜೆ ಸಾಲಿನಲ್ಲಿ ಅಂಬವ್ವ ಮೊದಲು ನಿಂತಳು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ರಸ್ತೆಯಾಚೆ ಹಮಾಲರು ಚಹಾ ಹಿಡಿದಿದ್ದರು, ಅವತ್ತು ಎಲ್ಲರೂ ಗೇಟಿಗೆ ಬೆನ್ನು ಮಾಡಿ ಕೂತಿದ್ದರು. ಚೀಲ ಹೇರಲು ಲಾರಿಯ ಹತ್ತಿರ ಯಾರೂ ಇರಲಿಲ್ಲ.

"ಝಾಡಸು," ಎಂದ ಪುಂಡಲೀಕಪ್ಪ.

"ಬರೇ ಉಡಿ ಐತ್ರಿ," ಎಂದಳು ಅಂಬವ್ವ. ಹೇಳಿ ನಡೆದಳು. ಬೆತ್ತ ಎದ್ದಿತು. ಅದು ಇಳಿಯುವುದರೊಳಗೆ ಹಿಂದಿನಿಂದ ಹನಮಂತವ್ವನ ದನಿ ಬಂತು.

"ನಂದೂ ಬರೇ ಉಡಿರಿ."

"ಬರೇ ಉಡಿ," ಎಂದಳು ಮೋತಿಬಿ.

"ಬರೇ ಉಡಿ," ಎಂದಳು ವನಿತಾ. ಈ ಸಲ ರಸ್ತೆಯಾಚೆಗೂ ಕೇಳುವಷ್ಟು ಜೋರಾಗಿ ಹೇಳಿದಳು.

ಒಬ್ಬರ ಹಿಂದೆ ಒಬ್ಬರು ಬಂದರು. ಎಲ್ಲರ ಸೆರಗು ಸೊಂಟದಲ್ಲೇ ಇತ್ತು. ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು ಎಂದು ಪುಂಡಲೀಕಪ್ಪನಿಗೆ ಗೊತ್ತಾಗಲಿಲ್ಲ. ಗವಿಸಿದ್ದಪ್ಪ ಗೇಟನ್ನು ಪೂರ್ತಿ ಸರಿಸಿದ್ದ. ಕೊನೆಯಲ್ಲಿ ಮಂಜುಳಾ ಬಂದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ದಿವಾನಜಿಯ ಮುಂದೆ ನಿಂತಳು.

"ನಂದೊಂದು ತುಂಬೈತ್ರಿ," ಎಂದಳು.

ರಸ್ತೆಯ ಮೇಲೆ ಅಂಬವ್ವ ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಅವತ್ತು ಸಂಜೆ ಆ ಗೇಟಿನ ಮಣ್ಣಿನ ಮೇಲೆ ಯಾರದೂ ಏನೂ ಬೀಳಲಿಲ್ಲ.